ತಮ್ಮನಿಗೆ ಜಾಮೀನು ಸಿಕ್ಕಿದೆ, ಜಾಮೀನುದಾರರು ಸಿಗುತ್ತಿಲ್ಲ: ಉಚಿತ ವಕೀಲರು ನಿಜವಾಗಿಯೂ ಬರುತ್ತಾರೆಯೇ?

ಲಗ್ಗೆರೆಯ ಅಕ್ಕ ಕೇಳಿದ್ದಾರೆ:

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹನ್ನೊಂದು ವರ್ಷದಿಂದ ಅಂಗಿಗೆ ತೋಳು ಕೂಡಿಸುವ ಕೆಲಸ. ಅಪ್ಪ ಇಲ್ಲ, ಅಮ್ಮನಿಗೆ ಸಕ್ಕರೆ ಕಾಯಿಲೆ. ತಮ್ಮನಿಗೆ 21 ವರ್ಷ. ಯಶವಂತಪುರದ ಮಾರುಕಟ್ಟೆ ಯಾರ್ಡ್‌ನಲ್ಲಿ ಈರುಳ್ಳಿ ಮೂಟೆ ಇಳಿಸುತ್ತಿದ್ದ. ಕಳೆದ ತಿಂಗಳು ಪೊಲೀಸರು ಅವನನ್ನು ಹಿಡಿದರು. ಚೀಲದಲ್ಲಿ 140 ಗ್ರಾಂ ಗಾಂಜಾ ಇತ್ತೆಂದು ಬರೆದಿದ್ದಾರೆ. ಅವನು ಸೇದುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಇಲ್ಲಿ ಸುಳ್ಳು ಹೇಳುವುದಿಲ್ಲ.

ಇವತ್ತಿಗೆ 26 ದಿನದಿಂದ ಪರಪ್ಪನ ಅಗ್ರಹಾರದಲ್ಲಿದ್ದಾನೆ. ಆರನೆಯ ದಿನವೇ ಜಾಮೀನು ಆಯಿತು. ₹50,000 ಬಾಂಡ್ ಮತ್ತು ಒಬ್ಬ ಜಾಮೀನುದಾರರು ಎಂದು ಆದೇಶ. ಆ ಒಬ್ಬರನ್ನು ಎಲ್ಲಿಂದ ತರುವುದು? ಮಾಗಡಿ ಹತ್ತಿರ ಸೋದರಮಾವನಿಗೆ ಒಂದು ಎಕರೆ ಎಂಟು ಗುಂಟೆ ಇದೆ, ಬರಲು ಒಪ್ಪಿದ್ದಾರೆ. ಆದರೆ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ತಾತ ತೀರಿಕೊಂಡು ಒಂಬತ್ತು ವರ್ಷವಾದರೂ ಪೌತಿ ಖಾತೆ ಆಗಿಲ್ಲ. ನಮ್ಮದು ಬಾಡಿಗೆ ಮನೆ. ಮನೆಯ ಮಾಲೀಕರನ್ನು ಕೇಳಿದೆ, ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿ ಕಳಿಸಿದರು.

ಪಕ್ಕದ ಬೀದಿಯವರು ಕೊಡಿಸಿದ ವಕೀಲರಿಗೆ ಓಲೆ ಅಡವಿಟ್ಟು ₹15,000 ಕೊಟ್ಟೆ. ಜಾಮೀನು ಆದಮೇಲೆ ಅವರು ಫೋನ್ ತೆಗೆಯುವುದೇ ಅಪರೂಪ. ಒಮ್ಮೆ ತೆಗೆದಾಗ, ‘ತಪ್ಪೊಪ್ಪಿಕೊಂಡುಬಿಡಲಿ ಅಮ್ಮಾ, ದಂಡ ಕಟ್ಟಿ ಮುಗಿಸೋಣ’ ಎಂದರು. ನ್ಯಾಯಾಲಯದ ಹೊರಗೆ ನಿಂತಿದ್ದ ಒಬ್ಬರು ₹12,000 ಕೊಟ್ಟರೆ ಪಹಣಿ ಸಮೇತ ಜಾಮೀನುದಾರರನ್ನು ಕರೆತರುವುದಾಗಿ ಹೇಳಿದರು. ನನಗೆ ಕೈಗೆ ಬರುವ ಸಂಬಳವೇ ಅಷ್ಟಿಲ್ಲ.

ಎರಡು ಸಲ ನೋಡಲು ಹೋಗಿದ್ದೆ. ಹೆಂಗಸರಿಗೆ ಬಸ್ಸು ಉಚಿತವಾಗಿರುವುದರಿಂದ ಹೋಗಲು ಆಯಿತು, ಆದರೆ ಒಂದು ದಿನದ ಕೂಲಿಯೂ ಆ ತಿಂಗಳ ಹಾಜರಿ ಬೋನಸ್ಸೂ ಹೋದವು. ಮೊದಲ ಸಲ ಹೋದಾಗ ಐದನೆಯ ದಿನ. ಮೂಗಿನಿಂದ ನೀರು ಇಳಿಯುತ್ತಿತ್ತು, ಮೈಮೇಲೆ ಗುಳ್ಳೆಯಂತೆ ರೋಮ ಎದ್ದಿತ್ತು, ಮಾತಿಗೊಮ್ಮೆ ಆಕಳಿಸುತ್ತಿದ್ದ. ಅವನು ತೊಟ್ಟಿದ್ದು ದೀಪಾವಳಿಗೆ ನಾನೇ ಹೊಲಿದುಕೊಟ್ಟ ಅಂಗಿ. ಬಲತೋಳಿನ ಕಂಕುಳ ಹೊಲಿಗೆ ಪೂರ್ತಿ ಬಿಚ್ಚಿಹೋಗಿತ್ತು. ಆ ಹೊಲಿಗೆಯನ್ನು ನಾನು ಎರಡು ಸಲ ಹಾಕಿದ್ದೆ, ಎಳೆದಾಡದೆ ಅದು ಬಿಚ್ಚುವುದಿಲ್ಲ. ಯಾರಾದರೂ ಹೊಡೆದರೇ ಎಂದು ಕೇಳಿದೆ. ಇಲ್ಲ, ರಾತ್ರಿ ಮೈಕೈ ನೋವು ತಡೆಯಲಾಗದೆ ತಾನೇ ಎಳೆದುಕೊಂಡೆ ಎಂದ. ಆಗ ಬಾಯಿಬಿಟ್ಟ. ಮೂಟೆ ಹೊತ್ತು ಸೊಂಟ ಹಿಡಿದಾಗ ಯಾರೋ ಕೊಟ್ಟ ನೋವಿನ ಮಾತ್ರೆ ಒಂದು ವರ್ಷದಿಂದ ದಿನವೂ ನಡೆದಿತ್ತಂತೆ. ಗಾಂಜಾ ನನಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಸರ್ಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ ಎಂದು ಗೋಡೆಯ ಮೇಲೆ ಓದಿದ್ದೇನೆ. ಅವರು ನಿಜವಾಗಿಯೂ ಬರುತ್ತಾರೆಯೇ? ಅವನಿಗೆ ಜೈಲಿಗಿಂತ ಮೊದಲು ಆಸ್ಪತ್ರೆ ಬೇಕು ಎಂದು ನ್ಯಾಯಾಧೀಶರ ಮುಂದೆ ಯಾರು ಹೇಳಬೇಕು, ಹೇಗೆ ಹೇಳಬೇಕು?

ವಕೀಲರು, ಮಲ್ಲೇಶ್ವರ:

ಅಮ್ಮಾ, ಬರುತ್ತಾರೆ. ಹದಿನಾರು ವರ್ಷದಿಂದ ಕಾನೂನು ನೆರವಿನ ಪ್ರಕರಣಗಳನ್ನು ನಡೆಸುತ್ತಿದ್ದೇನೆ, ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಮೊದಲು ಒಂದು ಮಾತು. ತಪ್ಪೊಪ್ಪಿಗೆಗೆ ಈಗಲೇ ಒಪ್ಪಬೇಡಿ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಒಂದು ಕಿಲೋವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ನಿಮ್ಮ ತಮ್ಮನದು 140 ಗ್ರಾಂ. ಅದಕ್ಕೆ ಗರಿಷ್ಠ ಒಂದು ವರ್ಷ ಸಜೆ, ಇಲ್ಲವೇ ₹10,000ದವರೆಗೆ ದಂಡ, ಅಥವಾ ಎರಡೂ. ಗಾಂಜಾ ಸೇವನೆಗೆ ಆರು ತಿಂಗಳವರೆಗೆ. ಕೇಳಲು ಸಣ್ಣದೆನಿಸುತ್ತದೆ, ದಂಡ ಕಟ್ಟಿ ಕೈತೊಳೆದುಕೊಳ್ಳೋಣ ಎನಿಸುತ್ತದೆ. ಆದರೆ ಒಪ್ಪಿಕೊಂಡ ಗಳಿಗೆಯಲ್ಲಿ ಅವನು ಶಿಕ್ಷೆಗೊಳಗಾದ ಅಪರಾಧಿ. ಮುಂದೆ ಇನ್ನೊಮ್ಮೆ ಸಿಕ್ಕಿಬಿದ್ದು ಅಪರಾಧ ಸಾಬೀತಾದರೆ ಗರಿಷ್ಠ ಸಜೆ ಒಂದೂವರೆ ಪಟ್ಟಾಗುತ್ತದೆ. ಚಟ ಇನ್ನೂ ಬಿಡದ ಹುಡುಗನ ತಲೆಯ ಮೇಲೆ ಆ ಕತ್ತಿ ತೂಗುಹಾಕುವುದು ಬೇಡ. ವಶಪಡಿಸಿಕೊಂಡ ವಸ್ತು ಗಾಂಜಾ ಹೌದೋ ಅಲ್ಲವೋ ಎಂಬ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಾದರೂ ಬಂದಿದೆಯೇ ಎಂದು ಕೇಳಿದ್ದೀರಾ? ಹೂವಿನ ತೆನೆ ಇಲ್ಲದ ಬರಿಯ ಎಲೆ, ಬೀಜಗಳು ಕಾಯ್ದೆಯ ಪ್ರಕಾರ ಗಾಂಜಾ ಎನಿಸಿಕೊಳ್ಳುವುದಿಲ್ಲ. ಇಂಥವನ್ನೆಲ್ಲ ನೋಡದೆ ಒಪ್ಪಿಕೊಳ್ಳಿ ಎನ್ನುವುದು ವಕೀಲರಿಗೆ ತಕ್ಕ ಕೆಲಸವಲ್ಲ.

ಎರಡನೆಯದು, ನೀವು ಕೇಳಿದ ಆಸ್ಪತ್ರೆಯ ಮಾತು. ಅದೇ ಕಾಯ್ದೆಯ 64ಎ ಕಲಮು ನಿಮ್ಮಂಥವರಿಗಾಗಿಯೇ ಇದೆ. ವ್ಯಸನಿಯಾದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತಿದ್ದು, ಸರ್ಕಾರ ನಡೆಸುವ ಇಲ್ಲವೇ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಹಾಗಾಗಿ ಆಸ್ಪತ್ರೆಯ ಪ್ರತಿ ಚೀಟಿ, ಪ್ರತಿ ದಿನಾಂಕ ಜೋಪಾನ ಮಾಡಬೇಕು. ಈ ಅರ್ಜಿಯನ್ನು ಸಲ್ಲಿಸಿದವರು ನಮ್ಮಲ್ಲೇ ಕಡಿಮೆ. ಕೇಳದೆ ಯಾರೂ ಕೊಡುವುದಿಲ್ಲ, ನಿಮ್ಮ ವಕೀಲರಿಗೆ ನೀವೇ ನೆನಪಿಸಿ.

ಇನ್ನು ಜಾಮೀನು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡ್ ಒದಗಿಸಲು ಆಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು. ನೀವು ತಿಂಗಳು ಕಾಯಬೇಕಿಲ್ಲ. ಷರತ್ತು ಸಡಿಲಿಸಲು ಈಗಲೇ ಅರ್ಜಿ ಹಾಕಿಸಿ, ಜಾಮೀನುದಾರರ ಬದಲು ಒಂದಿಷ್ಟು ನಗದು ಠೇವಣಿ ಇಡಲು ಅವಕಾಶ ಕೇಳಿ. ಮಾವನವರ ಪಹಣಿಯ ಕಥೆಯನ್ನು ಪ್ರಮಾಣಪತ್ರದಲ್ಲಿ ಇದ್ದಂತೆಯೇ ಬರೆಸಿ, ಅದು ಬಡತನದ ಸಾಕ್ಷಿ. 1978ರಲ್ಲಿ ಒಬ್ಬ ಗಾರೆ ಕೆಲಸದವನಿಗೆ ₹10,000 ಜಾಮೀನು ಕೇಳಿದ್ದ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ₹1,000ಕ್ಕೆ ಇಳಿಸಿ, ಅವನ ಸ್ವಂತ ಬಾಂಡ್ ಮೇಲೆ ಬಿಡುಗಡೆ ಮಾಡಲು ಹೇಳಿದ್ದರು. ನಾನು ವಕೀಲಿಕೆಗೆ ಬಂದ ವರ್ಷ ಓದಿದ ತೀರ್ಪು, ಈಗಲೂ ಅರ್ಜಿಯಲ್ಲಿ ಬರೆಯುತ್ತೇನೆ.

₹12,000 ಕೇಳಿದವರ ಹತ್ತಿರ ಸುಳಿಯಬೇಡಿ. ನಕಲಿ ಪಹಣಿ ತಂದು ಜಾಮೀನು ನಿಂತವರ ಮೇಲೆ ನಗರದಲ್ಲಿ ಪ್ರಕರಣಗಳು ದಾಖಲಾಗಿವೆ. ಸಿಕ್ಕಿಬಿದ್ದರೆ ತಮ್ಮನ ಜಾಮೀನೂ ಹೋಗುತ್ತದೆ, ನಿಮ್ಮ ಹೆಸರೂ ಬರುತ್ತದೆ. ಬಡ ಕೈದಿಗಳಿಗೆ ಜಾಮೀನಿನ ಹಣ ಕೊಡುವ ಕೇಂದ್ರದ ಯೋಜನೆಯೊಂದು 2023ರಿಂದ ಇದೆ, ಆದರೆ ಎನ್‌ಡಿಪಿಎಸ್ ಆರೋಪಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ಸದ್ಯಕ್ಕೆ ಅದರ ಹಿಂದೆ ಓಡಾಡಿ ದಿನ ಕಳೆಯಬೇಡಿ.

ಎಲ್ಲಿಗೆ ಹೋಗಬೇಕು ಎಂದರೆ, 15100ಕ್ಕೆ ಕರೆ ಮಾಡಿ, ಇಲ್ಲವೇ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇರುವುದು ಅಲ್ಲೇ, ಮುಂದಿನ ದಾರಿ ಅವರು ತೋರಿಸುತ್ತಾರೆ. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಆದಾಯದ ಮಿತಿಯೇ ಇಲ್ಲ, ಹೆಂಗಸರಿಗೂ ಇಲ್ಲ. ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ವಾಪಸ್ ಕಳಿಸಿದರೆ ಈ ಕಲಮಿನ ಸಂಖ್ಯೆ ಹೇಳಿ. ನಿಮ್ಮ ತಮ್ಮ ಜೈಲಿನೊಳಗಿಂದಲೂ ಅಧೀಕ್ಷಕರ ಮೂಲಕ ಅರ್ಜಿ ಕೊಡಬಹುದು. ನೇಮಕವಾದ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಹಳೆಯ ವಕೀಲರಿಂದ ಕಡತವನ್ನೂ ವಕಾಲತ್ತು ಬಿಟ್ಟುಕೊಡುವ ಒಪ್ಪಿಗೆಯನ್ನೂ ಕೇಳಿ ಪಡೆಯಿರಿ.

ಮಾತ್ರೆಯ ವಿಷಯವನ್ನು ವೈದ್ಯರಿಗೂ ವಕೀಲರಿಗೂ ಹೇಳಿ. ಬೇರೆಯವರಿಗೆ ಬೇಡ.

ಅಂಗಡಿಯವರು, ಕಾಮಾಕ್ಷಿಪಾಳ್ಯ:

ಕಟುವಾಗಿ ಹೇಳುತ್ತೇನೆ, ಬೇಸರಿಸಬೇಡಿ. ನನ್ನ ಅಂಗಡಿಯ ಬೀಗವನ್ನು ಇಂಥ ಹುಡುಗರೇ ಎರಡು ಸಲ ಒಡೆದಿದ್ದಾರೆ. ಎರಡನೆಯ ಸಲ ನನ್ನ ಹೆಂಡತಿ ಒಳಗೇ ಮಲಗಿದ್ದಳು, ಅವಳು ಇವತ್ತಿಗೂ ಒಬ್ಬಳೇ ಮಲಗುವುದಿಲ್ಲ. ಕೆಲವು ತಿಂಗಳು ಒಳಗಿದ್ದರೆ ಚಟವಾದರೂ ಬಿಡುತ್ತದೆ. ನಮ್ಮ ತೆರಿಗೆಯ ಹಣದಲ್ಲಿ ಇವರಿಗೆ ವಕೀಲರೇಕೆ?

ಲಗ್ಗೆರೆಯ ಅಕ್ಕ:

ಅಣ್ಣ, ನಿಮ್ಮ ಮನೆಯವರ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಬೀದಿಯಲ್ಲೂ ಕತ್ತಲಾದ ಮೇಲೆ ನಾವು ಇಬ್ಬಿಬ್ಬರಾಗಿ ನಡೆಯುತ್ತೇವೆ. ಆದರೆ ನನ್ನ ತಮ್ಮ ಯಾರ ಬೀಗವನ್ನೂ ಒಡೆದಿಲ್ಲ. ಒಡೆದಿದ್ದರೆ ಅದಕ್ಕೆ ಬೇರೆ ಪ್ರಕರಣ ಹಾಕಲಿ, ನಾನೇ ನಿಲ್ಲಿಸಿ ಒಪ್ಪಿಸುತ್ತೇನೆ. ನ್ಯಾಯಾಧೀಶರು ಅವನನ್ನು ಬಿಡಬಹುದು ಎಂದು ಆರನೆಯ ದಿನವೇ ಹೇಳಿದ್ದಾರೆ. ಅದಾದ ಮೇಲಿನ ಇಪ್ಪತ್ತು ದಿನ ಅವನು ಒಳಗಿರುವುದು ಗಾಂಜಾಕ್ಕಲ್ಲ, ತಾತನ ಹೆಸರಿನ ಪಹಣಿಗೆ. ಜಮೀನಿರುವವರ ಮಗನಾಗಿದ್ದರೆ ಅದೇ ಸಂಜೆ ಮನೆಯಲ್ಲಿರುತ್ತಿದ್ದ. ತೆರಿಗೆ ನಾನೂ ಕಟ್ಟುತ್ತೇನೆ, ಸೋಪು ಕೊಂಡಾಗ, ಸೂಜಿ ಕೊಂಡಾಗ.

ಶುಶ್ರೂಷಕಿ, ವ್ಯಸನ ಚಿಕಿತ್ಸಾ ವಾರ್ಡ್:

ಅಂಗಡಿಯವರು ಒಳಗಿದ್ದರೆ ಚಟ ಬಿಡುತ್ತದೆ ಎಂದಿರುವುದರಿಂದ ಬರೆಯುತ್ತಿದ್ದೇನೆ, ಅಕ್ಕನವರು ದಯವಿಟ್ಟು ಗಮನವಿಟ್ಟು ಓದಿ.

ಮೂಗು ಸೋರುವುದು, ಆಕಳಿಕೆ, ರೋಮ ಏಳುವುದು, ಮೈಕೈ ನೋವು: ಇವೆಲ್ಲ ಅಫೀಮಿನ ಗುಂಪಿಗೆ ಸೇರಿದ ನೋವಿನ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದಾಗ ಬರುವ ಲಕ್ಷಣಗಳು. ಈ ಸಂಕಟ ಮೊದಲ ವಾರದಲ್ಲಿ ಹೆಚ್ಚು. ಈಗ ತಿಂಗಳಾಗುತ್ತಾ ಬಂದಿರುವುದರಿಂದ ಮೈಯ ಸಂಕಟ ಬಹುಮಟ್ಟಿಗೆ ಇಳಿದಿರಬಹುದು. ಮನಸ್ಸಿನ ಎಳೆತ ಇಳಿದಿರುವುದಿಲ್ಲ. ಅಪಾಯ ಇರುವುದು ಇಲ್ಲಿಯೇ. ತಿಂಗಳು ಮಾತ್ರೆ ಇಲ್ಲದೆ ಇದ್ದ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದ ದಿನ ಗೆಳೆಯರು ಕೊಟ್ಟರೆಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಜೊತೆಗೆ ಮದ್ಯ ಸೇರಿದರೆ ಇನ್ನೂ ಬೇಗ. ಬಿಡುಗಡೆಯಾದ ಮೊದಲ ಎರಡು ವಾರ ಅತ್ಯಂತ ಎಚ್ಚರದ ಕಾಲ, ಅವನನ್ನು ಒಂಟಿಯಾಗಿ ಬಿಡಬೇಡಿ. ಎಬ್ಬಿಸಿದರೂ ಏಳದೆ ಗೊರಗೊರ ಸದ್ದು ಮಾಡುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ನಿದ್ದೆ ಬಂದಿದೆ ಎಂದು ಸುಮ್ಮನಾಗಬೇಡಿ. ಮಗ್ಗುಲಿಗೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಬಿಪಿಎಲ್ ಕಾರ್ಡ್ ತೆಗೆದುಕೊಂಡು ಹೋಗಿ. ಮರುಕಳಿಸದಂತೆ ಔಷಧಗಳಿವೆ, ಯಾವುದು ಎಂಬುದನ್ನು ವೈದ್ಯರು ನೋಡಿ ನಿರ್ಧರಿಸುತ್ತಾರೆ. ಅಷ್ಟರೊಳಗೆ ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಆಟೋ ಚಾಲಕ, ಸುಂಕದಕಟ್ಟೆ:

ತಂಗೀ, ನನ್ನ ಮಗನದು ಕುಡಿತ. ನಾನು ಮಾಡಿದ ತಪ್ಪನ್ನು ನೀನು ಮಾಡಬಾರದೆಂದು ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಫೋನ್ ಮಾಡಿದರೆ ಸಾಕು ಮನೆಗೇ ಬಂದು ಹುಡುಗನನ್ನು ಎತ್ತಿಕೊಂಡು ಹೋಗುತ್ತೇವೆ ಎನ್ನುವ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದೆ. ತಿಂಗಳಿಗೆ ₹10,000. ರಾತ್ರಿ ಹನ್ನೊಂದಕ್ಕೆ ನಾಲ್ವರು ಬಂದು ಅವನ ಕೈಕಾಲು ಹಿಡಿದು ವ್ಯಾನಿಗೆ ಹಾಕಿದರು. ಅವನು ‘ಅಪ್ಪಾ’ ಎಂದು ಕೂಗುತ್ತಿದ್ದ, ನಾನು ಗೇಟು ಮುಚ್ಚಿದೆ. 40 ದಿನ ನೋಡಲು ಬಿಡಲಿಲ್ಲ. ನೋಡಿದಾಗ ತಲೆ ಬೋಳಿಸಿದ್ದರು, ಎರಡೂ ಮಣಿಕಟ್ಟಿನಲ್ಲಿ ಹಗ್ಗದ ಗುರುತು, ಎಡಗೈಯದು ಕೀವುಗಟ್ಟಿತ್ತು.

ಅವನನ್ನು ನನ್ನ ಆಟೋದಲ್ಲೇ ಮನೆಗೆ ಕರೆತಂದೆ. ಆಮೇಲೆ ಕಾನೂನು ನೆರವಿನ ವಕೀಲೆಯೊಬ್ಬರು ನನ್ನನ್ನು ಕೂರಿಸಿಕೊಂಡು ಹೇಳಿದರು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ಮನೋಸ್ಥಿತಿಯೂ ಸೇರುತ್ತದೆ. ಅಂಥ ಕೇಂದ್ರ ನೋಂದಣಿ ಆಗಿರಬೇಕು, ರೋಗಿಗೆ ಸರಪಳಿ ಹಾಕುವಂತಿಲ್ಲ, ಹಿಂಸಿಸುವಂತಿಲ್ಲ. ಆ ಕಾಯ್ದೆಯಡಿ ರೋಗಿಗೆ ಉಚಿತ ವಕೀಲರ ಹಕ್ಕೂ ಇದೆ. ನನಗೆ ಇದು ಮೊದಲೇ ಗೊತ್ತಿದ್ದರೆ! ದೂರು ಕೊಟ್ಟಿದ್ದೇವೆ, ಇನ್ನೂ ನಡೆಯುತ್ತಿದೆ.

ಆಮೇಲೆ ನಿಮ್ಹಾನ್ಸ್‌ಗೆ ಕರೆದೊಯ್ದೆ. ಎರಡು ಸಲ ಬಿಟ್ಟು ಎರಡು ಸಲ ಹಿಡಿದ. ಈಗ ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಮತ್ತೆ ಹಿಡಿದನೆಂದು ಮನೆಯಿಂದ ಹೊರಗೆ ಹಾಕಬೇಡ ತಂಗೀ. ತಮ್ಮ ಹೊರಗೆ ಬಂದ ಮೇಲೆ ‘ಗ್ಯಾರಂಟಿ ಬಿಡಿಸುತ್ತೇವೆ’ ಎಂದು ಚೀಟಿ ಹಂಚುವವರು ಸಿಗುತ್ತಾರೆ. ಅವರ ನೋಂದಣಿ ಪತ್ರ ಕೇಳು. ತೋರಿಸದಿದ್ದರೆ ಎದ್ದು ಬಾ.

ಲಗ್ಗೆರೆಯ ಅಕ್ಕ (ಹದಿನೆಂಟು ದಿನದ ನಂತರ):

ಎಲ್ಲರಿಗೂ ನಮಸ್ಕಾರ. ತಮ್ಮ ಮನೆಗೆ ಬಂದಿದ್ದಾನೆ.

15100ಕ್ಕೆ ಕರೆ ಮಾಡಿ, ಮರುದಿನ ರಜೆ ಹಾಕಿ ನ್ಯಾಯದೇಗುಲಕ್ಕೆ ಹೋದೆ. ಆದಾಯ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ, ಕೇಳಿದರೆ ಹೇಳಲು ಅಂಗೈ ಮೇಲೆ 12 ಎಂದು ಬರೆದುಕೊಂಡು ಹೋಗಿದ್ದೆ. ನಾಲ್ಕನೆಯ ದಿನ ಒಬ್ಬ ವಕೀಲೆಯನ್ನು ಕೊಟ್ಟರು. ವಯಸ್ಸು ನನ್ನಷ್ಟೇ. ಅವರು ಜೈಲಿಗೆ ಹೋಗಿ ತಮ್ಮನೊಡನೆ ಅರ್ಧ ಗಂಟೆ ಮಾತನಾಡಿ ಬಂದರು. ಹಿಂದಿನವರು ಒಂದು ದಿನವೂ ಅವನ ಮುಖ ನೋಡಿರಲಿಲ್ಲ. ಮಾವನ ಪಹಣಿ, ತಾತನ ಮರಣ ಪ್ರಮಾಣಪತ್ರ, ನನ್ನ ಸಂಬಳದ ಚೀಟಿ ಎಲ್ಲವನ್ನೂ ಸೇರಿಸಿ ಅರ್ಜಿ ಹಾಕಿದರು. ಜಾಮೀನುದಾರರ ಬದಲು ₹10,000 ನಗದು ಇಡಲು ನ್ಯಾಯಾಧೀಶರು ಒಪ್ಪಿದರು. ನಮ್ಮ ಲೈನಿನ ಹೆಂಗಸರು ಚೀಟಿ ನಡೆಸುತ್ತೇವೆ, ಈ ತಿಂಗಳದ್ದನ್ನು ಕೂಗದೆಯೇ ನನಗೆ ಬಿಟ್ಟುಕೊಟ್ಟರು.

ಬಿಡುಗಡೆಯಾದ ರಾತ್ರಿ ನಾನು ಮಲಗಲಿಲ್ಲ. ಶುಶ್ರೂಷಕಿ ಅಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದ್ದೆ. ಇಬ್ಬರೂ ಸರದಿಯಲ್ಲಿ ಅವನ ಎದೆ ಏರಿಳಿಯುವುದನ್ನು ನೋಡುತ್ತಾ ಕೂತಿದ್ದೆವು. ಮೂರನೆಯ ದಿನ ನಿಮ್ಹಾನ್ಸ್‌ಗೆ ಹೋದೆವು. ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತು ಮಧ್ಯಾಹ್ನ ಎರಡಾಯಿತು. ವೈದ್ಯರು ಅವನನ್ನು ಬೈಯಲಿಲ್ಲ. ಎಷ್ಟು ಮಾತ್ರೆ, ಎಷ್ಟು ದಿನ, ಸೊಂಟ ನೋವು ಈಗ ಹೇಗಿದೆ ಎಂದು ಕೇಳಿದರು. ಸೊಂಟದ ವಿಷಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು, ಅವನು ಅಲ್ಲಿಯೇ ಅತ್ತುಬಿಟ್ಟ. ಔಷಧ ಕೊಟ್ಟಿದ್ದಾರೆ. ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಪಟದ ಹಿಂದೆ ಇಟ್ಟಿದ್ದೇನೆ. 64ಎ ಅರ್ಜಿ ಸಿದ್ಧವಾಗಿದೆ, ಮುಂದಿನ ಹಾಜರಾತಿಯ ದಿನ ಸಲ್ಲಿಸುತ್ತಾರಂತೆ.

ನಿನ್ನೆ ಸಂಜೆ ಒಂದೂವರೆ ಗಂಟೆ ಕಾಣೆಯಾಗಿದ್ದ. ಹೋಗಿದ್ದು ಯಾರ್ಡ್‌ಗೆ ಎಂದ, ಬಾಕಿ ಕೂಲಿ ಕೇಳಲು. ನಂಬಬೇಕೋ ಬೇಡವೋ ತಿಳಿಯಲಿಲ್ಲ. ಊಟಕ್ಕೆ ಬಡಿಸಿದೆ.

ಸುಂಕದಕಟ್ಟೆ ಅಣ್ಣ, ಒಂದು ಸಹಾಯ ಕೇಳಬೇಕಿತ್ತು. ಹಾಜರಾತಿ ಇರುವುದು ಬರುವ ಗುರುವಾರ. ನನಗೆ ಇನ್ನು ರಜೆ ಉಳಿದಿಲ್ಲ, ಅಮ್ಮನಿಗೆ ಅಷ್ಟು ಮೆಟ್ಟಿಲು ಹತ್ತಲಾಗುವುದಿಲ್ಲ. ಅವನೊಬ್ಬನನ್ನೇ ಕಳಿಸಲು ಧೈರ್ಯವಿಲ್ಲ. ಅವನ ಜೊತೆ ನೀವು ಹೋಗಬಹುದೇ? ಆಟೋ ಬಾಡಿಗೆ ಕೊಡುತ್ತೇನೆ.

ಆಟೋ ಚಾಲಕ, ಸುಂಕದಕಟ್ಟೆ:

ಬಾಡಿಗೆ ಬೇಡ. ನನ್ನ ಮಗನನ್ನೂ ಕರೆತರುತ್ತೇನೆ, ಇಬ್ಬರೂ ಹಿಂದೆ ಕೂತು ಮಾತನಾಡಿಕೊಳ್ಳಲಿ. ಒಂಬತ್ತಕ್ಕೆ ಲಗ್ಗೆರೆ ಸೇತುವೆಯ ಕೆಳಗೆ ನಿಲ್ಲಿಸು. ಆ ಪ್ಲಾಸ್ಟಿಕ್ ಕವರ್ ಅವನ ಕೈಗೆ ಕೊಡುವುದನ್ನು ಮರೆಯಬೇಡ.